ಬೇಸಾಯದ ಮುಟ್ಟುಗಳಿಗೆ ವಿದ್ಯುತ್ ಬೆಸುಗೆ

ಬೆಂಗಳೂರಿನ ಪಶ್ಚಿಮಕ್ಕಿರುವ ಮಲ್ಲತ್ತಹಳ್ಳಿಯು ಹಿಂದೆ ಕೆರೆಯನ್ನಾಶ್ರಯಿಸಿದ ಬೇಸಾಯದ ಗ್ರಾಮವಾಗಿದ್ದಿತು. ಈಗ ನಗರದೊಳಗೆ ಸೇರಿಹೋಗಿದೆ. ಇಂತಹ ಊರುಗಳಲ್ಲಿ ಕಮ್ಮಾರನ ಕುಲುಮೆಯ ಕೆಲಸದ ಬಹುಭಾಗವನ್ನು ಗೇಟು, ಕಿಟಕಿಗಳನ್ನು ಮಾಡುವ ವೆಲ್ಡಿಂಗ್ ಅಂಗಡಿಗಳು ವಹಿಸಿಕೊಂಡಿವೆ. ರಾಗಿಯ ಬಿತ್ತನೆಗೆ ಹದ ಬಂದ ದಿನ ಉಳುವ ಮುಟ್ಟು ಮುರಿದರೆ, ನಗರದಂಚಿನ ರೈತನು ಅದನ್ನು ಹೊತ್ತು ಬರುವುದು ಇಂತಹ ಅಂಗಡಿಗಳಿಗೇ. ಬೆಸುಗೆ ಸರಿಯಾಗದಿದ್ದಲ್ಲಿ ಮುಟ್ಟು ಸಾಲಿನ ನಡುವೆ ಮತ್ತೆ ಮುರಿಯುವುದು, ಹದವೂ ಕೈತಪ್ಪುವುದು. ಆದುದರಿಂದ ಯಾವುದನ್ನು ಬೆಸೆಯಿಸಬಹುದು, ಯಾವುದನ್ನು ಬೆಸೆಯಿಸಕೂಡದು ಎಂಬುದನ್ನು ರೈತರು ಅರಿತಿರುವುದು ಲೇಸು.

ಬೆಸುಗೆಯ ಕ್ರಮ.— ಯಂತ್ರದ ಎರಡು ತಂತಿಗಳಲ್ಲಿ ಒಂದನ್ನು ಬೆಸೆಯತಕ್ಕ ಕಬ್ಬಿಣಕ್ಕೂ, ಇನ್ನೊಂದನ್ನು ಲೇಪವುಳ್ಳ ಕಡ್ಡಿಗೂ ಸೇರಿಸುವರು. ಕಡ್ಡಿಯ ತುದಿಯನ್ನು ಕಬ್ಬಿಣಕ್ಕೆ ಗೀರಿ ಸ್ವಲ್ಪ ಎತ್ತಿದೊಡನೆ ವಿದ್ಯುಜ್ಜ್ವಾಲೆ ಹುಟ್ಟಿ, ಕಡ್ಡಿಯೂ ಕಬ್ಬಿಣದ ಅಂಚುಗಳೂ ಕರಗಿ ಒಂದಾಗುತ್ತವೆ. ಲೇಪವು ಉರಿದು ಹೊಗೆಯಾಗಿ ಗಾಳಿಯನ್ನು ದೂರವಿಡುತ್ತದೆ. ಉಳಿದುದು ಕಿಟ್ಟವಾಗಿ ಬೆಸುಗೆಯನ್ನು ಮುಚ್ಚಿ ಕಾಪಾಡುತ್ತದೆ. ಮೊದಲು ತುಕ್ಕು, ಬಣ್ಣ, ಎಣ್ಣೆಗಳನ್ನು ಉಜ್ಜಿ ತೆಗೆಯತಕ್ಕದ್ದು. ದಪ್ಪ ಪಟ್ಟಿಯಾದರೆ ಬೆಸುಗೆ ಬುಡದವರೆಗೆ ಇಳಿಯುವಂತೆ ಅಂಚುಗಳನ್ನು ಓರೆಯಾಗಿ ತೇಯಬೇಕು. 3.15 ಮಿ.ಮೀ. ಕಡ್ಡಿಗೆ ಸಾಮಾನ್ಯವಾಗಿ 90ರಿಂದ 130 ಆಂಪೇರ್ ಬೇಕಾಗುವುದು. ಕಡಮೆಯಾದರೆ ಬೆಸುಗೆ ಮೇಲೆಮೇಲೆ ಮಾತ್ರ ಕೂಡುವುದು. ಹೆಚ್ಚಾದರೆ ಅಂಚು ಕೊರೆದುಹೋಗುವುದು. ಒಂದು ಪದರದ ಕಿಟ್ಟವನ್ನು ಕುಟ್ಟಿ ತೆಗೆದ ಮೇಲೆಯೇ ಇನ್ನೊಂದು ಪದರವನ್ನು ಹಾಕಬೇಕು. ಕಡ್ಡಿಗಳನ್ನು ತೇವ ತಗಲದಂತೆ ಇಡತಕ್ಕದ್ದು.

ಯೋಗ್ಯವಾದ ಕೆಲಸಗಳು.— ಸುಮಾರು 3 ಮಿ.ಮೀ.ಗೆ ಮೇಲ್ಪಟ್ಟ ಮೆದು ಉಕ್ಕಿಗೆ ಈ ಬೆಸುಗೆ ಬಹಳ ಒಪ್ಪುವುದು. ಟ್ರೇಲರಿನ ಚೌಕಟ್ಟು, ಕಲ್ಟಿವೇಟರಿನ ಅಡ್ಡಪಟ್ಟಿ, ಕೊಟ್ಟಿಗೆಯ ಕಂಬ, ತೋಟದ ಗೇಟು ಮುಂತಾದುವನ್ನು ಧಾರಾಳವಾಗಿ ಬೆಸೆಯಿಸಬಹುದು. ಅನಿಲದ ಸಿಲಿಂಡರು ಬೇಕಿಲ್ಲವಾದುದರಿಂದ ಬಯಲಿನಲ್ಲಿಯೂ ಕೆಲಸ ಸಾಗುವುದು.

ಒಪ್ಪದ ಕೆಲಸಗಳು.— ತೆಳು ತಗಡು ತೂತುಬೀಳುವುದು. ಪಂಪಿನ ಹೊರಮೈ ಮೊದಲಾದ ಬೀಡು ಕಬ್ಬಿಣವು ನಿಕ್ಕಲ್ ಕಡ್ಡಿಯಿಂದ ಸ್ವಲ್ಪಸ್ವಲ್ಪವಾಗಿ ಬೆಸೆದು ನಿಧಾನವಾಗಿ ಆರಿಸದಿದ್ದರೆ ಸೀಳುವುದು. ಹದ ಕೊಟ್ಟ ನೇಗಿಲ ಗುಳವೂ ಕಲ್ಟಿವೇಟರಿನ ಹಲ್ಲೂ ಬೆಸುಗೆಯ ಕಾವಿಗೆ ಹದಗೆಟ್ಟು, ಪಕ್ಕದಲ್ಲಿಯೇ ಮುರಿಯುವುವು. ಇವುಗಳನ್ನು ಬದಲಾಯಿಸುವುದೇ ಮೇಲು. ಅರವು ಕಚ್ಚದೆ ಜಾರಿದರೆ ಹದ ಕೊಟ್ಟ ಉಕ್ಕೆಂದೂ, ಮುರಿದ ಬಾಯಿ ಬೂದುಬಣ್ಣದ ಹರಳಿನಂತಿದ್ದರೆ ಬೀಡೆಂದೂ ಸಾಮಾನ್ಯವಾಗಿ ತಿಳಿಯಬಹುದು.

ಎಚ್ಚರಿಕೆ.— ಕಪ್ಪು ಗಾಜಿನ ಮರೆಯಿಲ್ಲದೆ ಜ್ವಾಲೆಯನ್ನು ನೋಡಕೂಡದು. ಒದ್ದೆ ನೆಲದ ಮೇಲೆ ನಿಂತು ಬೆಸೆಯುವುದು ಪ್ರಾಣಾಪಾಯಕರ. ಸತುವಿನ ಲೇಪವನ್ನು ತೇದು ತೆಗೆಯದೆ ಬೆಸೆದರೆ ಅದರ ಹೊಗೆಯಿಂದ ಚಳಿಜ್ವರ ಬರುವುದುಂಟು. ಡೀಸೆಲ್, ಪೆಟ್ರೋಲ್ ತುಂಬಿದ್ದ ಪೀಪಾಯಿಗಳು ಬರಿದಾಗಿ ತೋರಿದರೂ ಒಳಗಿನ ಆವಿಯಿಂದ ಸಿಡಿಯುವುವು. ಅವುಗಳನ್ನು ಬೆಸುಗೆಗೆ ಒಯ್ಯಲೇಕೂಡದು. ಬಿತ್ತನೆಗೆ ತಿಂಗಳಿರುವಾಗಲೇ ಮುಟ್ಟುಗಳನ್ನು ಪರೀಕ್ಷಿಸಿ, ಬಿರುಕು ಕಂಡವನ್ನು ಸರಿಪಡಿಸಿಕೊಂಡರೆ ಹದದ ದಿನ ಅಂಗಡಿಯ ಬಾಗಿಲಲ್ಲಿ ಕಾಯುವ ಪ್ರಸಂಗ ಬರಲಾರದು.