ಹಲಗೆಯ ಮಹಡಿಯೂ ಬಿರಿಯುವ ಟೈಲೂ

ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಹಿರಿಯರು ಕಟ್ಟಿಸಿದ ಉಪ್ಪರಿಗೆಯ ಮನೆಗಳು ಇನ್ನೂ ಅನೇಕವಾಗಿ ಉಳಿದಿವೆ. ದಪ್ಪನೆಯ ತೊಲೆಗಳು, ಅವುಗಳ ಮೇಲೆ ಒತ್ತೊತ್ತಾಗಿ ಜೋಡಿಸಿದ ಹಲಗೆಗಳು, ಇವೇ ಅಂಥ ಮಹಡಿಯ ನೆಲ. ನಡೆದರೆ ಸದ್ದು, ಸಂದುಗಳಿಂದ ಕೆಳಗೆ ಉದುರುವ ಧೂಳು, ಇವುಗಳಿಂದ ಬೇಸತ್ತ ಗೃಹಸ್ಥರು ಹಲಗೆಯ ಮೇಲೆ ಟೈಲು ಹಾಸಿಸುವುದುಂಟು. ಮೊದಲ ಕೆಲವು ತಿಂಗಳು ಎಲ್ಲವೂ ಅಂದವಾಗಿ ಕಾಣುವುದು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸಂದಿನ ಸಿಮೆಂಟು ಪುಡಿಯಾಗುವುದು. ಕೆಲವು ಟೈಲುಗಳು ಬಿರಿಯುವುವು, ಕೆಲವು ಕಾಲಿಟ್ಟರೆ ಅಲುಗುವುವು. ಆಗ ಮನೆಯವರು ಅಂಗಡಿಯವನನ್ನು ದೂರುವರು. ಅಂಗಡಿಯವನು ಮೇಸ್ತ್ರಿಯನ್ನು ದೂರುವನು. ಮೇಸ್ತ್ರಿಯು ಮಳೆಯನ್ನು ದೂರುವನು. ಒಡೆದುದನ್ನು ಕಿತ್ತು ಹೊಸದನ್ನು ಕೂರಿಸಿದರೆ ಮರುವರ್ಷ ಅದೂ ಬಿರಿಯುವುದು. ಯಾತಕ್ಕೆಂದರೆ, ರೋಗವಿರುವುದು ಟೈಲಿನಲ್ಲಲ್ಲ, ಅದರ ಕೆಳಗೆ.

ಎರಡು ವಸ್ತುಗಳ ಸ್ವಭಾವ

ಟೈಲು ಎಷ್ಟು ಭಾರವನ್ನಾದರೂ ಹೊರಬಲ್ಲುದು; ಆದರೆ ಬಾಗಲಾರದು. ಮರವಾದರೋ ಬಾಗಿಯೇ ಭಾರವನ್ನು ಹೊರುವುದು. ಅದಲ್ಲದೆ ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುವುದು, ಒಣಗಿದಾಗ ಕುಗ್ಗುವುದು. ಈ ಹಿಗ್ಗು ಕುಗ್ಗುಗಳು ಹಲಗೆಯ ಉದ್ದದಲ್ಲಿ ಅತ್ಯಲ್ಪ, ಅಗಲದಲ್ಲಿ ಅಧಿಕ. ಸ್ಥಿರವೆಂದು ಹೆಸರಾದ ತೇಗವು ಕೂಡ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಅಗಲದಲ್ಲಿ ಶೇಕಡಾ 5ಕ್ಕೂ ಮೇಲೆ ಕುಗ್ಗಬಲ್ಲುದು. ಹಳೆಯ ಹಲಗೆಯಲ್ಲಿ ಚಲನೆ ಇಷ್ಟಿರದಿದ್ದರೂ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಅದು ನಿಲ್ಲುವುದೇ ಇಲ್ಲ. ಅದರ ಮೇಲೆ ನೇರವಾಗಿ ಸಿಮೆಂಟು ಗಾರೆ ಹಾಕಿದರೆ ಗಾರೆಯ ನೀರನ್ನು ಮರ ಕುಡಿದು ಉಬ್ಬುವುದು. ನೀರು ಕಳೆದುಕೊಂಡ ಗಾರೆ ಬಲಹೀನವಾಗುವುದು.

ಲಕ್ಷಣದಿಂದ ಕಾರಣ

ಕೀಳುವ ಮೊದಲು ಪರೀಕ್ಷಿಸತಕ್ಕದ್ದು. ಮರದ ಹಿಡಿಯಿಂದ ಒಂದೊಂದು ಟೈಲನ್ನೂ ಮೆಲ್ಲನೆ ತಟ್ಟಿರಿ. ಟೊಳ್ಳು ಸದ್ದು ಬಂದಲ್ಲಿ ಹಿಡಿತ ಬಿಟ್ಟಿದೆ. ಬಿರುಕು ಹಲವು ಟೈಲುಗಳನ್ನು ದಾಟಿ ನೇರವಾದ ಗೆರೆಯಂತೆ ಹೋಗಿದ್ದರೆ ಅದರ ಅಡಿಯಲ್ಲಿ ಹಲಗೆಯ ಸಂದೋ ತೊಲೆಯೋ ಇರುವುದೆಂದು ತಿಳಿಯಬಹುದು. ಕೋಣೆಯ ನಡುವೆ ಟೈಲುಗಳು ಗುಡಾರದಂತೆ ಎದ್ದಿದ್ದರೆ, ಗೋಡೆಯಂಚಿನಲ್ಲಿ ಹಿಗ್ಗಲು ಎಡೆ ಬಿಟ್ಟಿಲ್ಲವೆಂದು ಶಂಕಿಸಬೇಕು.

ಬಳಿಕ ಸಡಿಲವಾದ ಒಂದನ್ನು ಎಬ್ಬಿಸಿ ಬೆನ್ನನ್ನು ನೋಡಿರಿ. ಗಾರೆಯೆಲ್ಲ ಟೈಲಿಗೆ ಅಂಟಿಕೊಂಡು ಹಲಗೆ ಬರಿದಾಗಿದ್ದರೆ, ಮರವು ಗಾರೆಯನ್ನು ಹಿಡಿದಿಲ್ಲ. ಟೈಲಿನ ಬೆನ್ನು ಶುಚಿಯಾಗಿದ್ದು ಕೆಳಗೆ ಕರಣೆಯ ಹಲ್ಲಿನ ಗೆರೆಗಳು ಹಾಗೆಯೇ ನಿಂತಿದ್ದರೆ, ಅಂಟು ಆರಿದ ಮೇಲೆ ಟೈಲು ಇಟ್ಟಿದ್ದಾರೆ, ಇಲ್ಲವೆ ಚೆನ್ನಾಗಿ ಒತ್ತಿಲ್ಲ. ಹಾಳು ಬಚ್ಚಲಿನ ಸುತ್ತ ಮಾತ್ರವೇ ಇದ್ದರೆ ನೀರಿನ ಸೋರಿಕೆಯನ್ನು ಹುಡುಕಬೇಕು. ಕೆಳಗಿನ ಕೋಣೆಗೆ ಹೋಗಿ ತೊಲೆಗಳ ತುದಿಗಳನ್ನು ಚೂಪಾದ ಉಳಿಯಿಂದ ಚುಚ್ಚಿ ನೋಡಿರಿ, ಮೆತ್ತಗಾಗಿದ್ದರೆ ಅಥವಾ ಗೆದ್ದಲಿನ ಮಣ್ಣು ಕಂಡರೆ ಮೊದಲು ಬಡಗಿಯನ್ನು ಕರೆಸತಕ್ಕದ್ದು, ಮೇಸ್ತ್ರಿಯನ್ನಲ್ಲ.

ಬಾಗುವಿಕೆಯೂ ಭಾರವೂ

ತೊಲೆಯು ಪೂರ್ಣಭಾರ ಬಿದ್ದಾಗ ತನ್ನ ಹರವಿನ 360ನೆಯ ಒಂದು ಪಾಲಿಗಿಂತ ಹೆಚ್ಚು ಬಾಗಕೂಡದೆಂದು ಟೈಲು ಕೆಲಸದವರ ನಿಯಮವುಂಟು. ಕಲ್ಲಿನ ಹಾಸಿಗೆಯಾದರೆ 720ನೆಯ ಒಂದು ಪಾಲು. 12 ಅಡಿಯ ಹರವಿಗೆ ಇದು ಕ್ರಮವಾಗಿ 10 ಮತ್ತು 5 ಮಿಲಿಮೀಟರು. ಮನೆಯವರೇ ಹೀಗೆ ಪರೀಕ್ಷಿಸಬಹುದು: ಕೆಳಗಿನ ನೆಲದಿಂದ ತೊಲೆಯ ಮಧ್ಯಕ್ಕೆ ಒಂದು ಕೋಲನ್ನು ನಿಲ್ಲಿಸಿ, ಮೇಲ್ತುದಿಗೂ ತೊಲೆಗೂ ನಡುವಣ ಎಡೆಯನ್ನು ಅಳೆಯಿರಿ, ಮೇಲೆ ನಾಲ್ವರನ್ನು ಒಟ್ಟಿಗೆ ನಿಲ್ಲಿಸಿ ಮತ್ತೆ ಅಳೆಯಿರಿ. ನಾಲ್ವರ ಭಾರಕ್ಕೇ ಮೇಲಿನ ಅಳತೆಯ ಹತ್ತಿರ ಬಂದರೆ ಆ ನೆಲ ಟೈಲಿಗೆ ತಕ್ಕುದಲ್ಲ.

ನೆಲ ಸಮನಾಗಲೆಂದು ದಪ್ಪವಾಗಿ ಗಾರೆ ಸುರಿಯುವುದು ಇನ್ನೂ ಅಪಾಯಕರ. 2 ಅಂಗುಲ ದಪ್ಪದ ಗಾರೆಯು ಚದರ ಮೀಟರಿಗೆ ಸುಮಾರು 100 ಕಿಲೋಗ್ರಾಮು ತೂಗುವುದು. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಇದು ಒಂದು ಟನ್ನಿಗೂ ಮಿಕ್ಕ ಭಾರ. ಅದರ ಮೇಲೆ ಟೈಲು, ಮಂಚ, ಬೀರು, ಮನುಷ್ಯರು. ಆ ತೊಲೆಗಳ ಕೆಳಗೆ ಮಕ್ಕಳು ಮಲಗುವರೆಂಬುದನ್ನು ಮರೆಯಬಾರದು.

ಪರಿಹಾರ

ಮೊದಲು ಟೈಲನ್ನೂ ಗಾರೆಯನ್ನೂ ಪೂರ್ತಿಯಾಗಿ ತೆಗೆಯಿಸಿ, ಕೊಳೆತ ಮರವನ್ನು ಬದಲಿಸಬೇಕು. ಬಾಗುವ ತೊಲೆಗೆ ಪಕ್ಕದಲ್ಲಿ ಜೊತೆ ತೊಲೆಯನ್ನು ಬಿಗಿದು, ಅಥವಾ ಕೆಳಗೆ ಅಡ್ಡತೊಲೆಯನ್ನು ಕೊಟ್ಟು ಗಟ್ಟಿಮಾಡತಕ್ಕದ್ದು. ಸಡಿಲವಾದ ಹಲಗೆಗಳನ್ನು ತಿರುಪುಮೊಳೆಯಿಂದ ಬಿಗಿದು, ನೀರಿಗೆ ಜಗ್ಗದ ಪ್ಲೈವುಡ್ ಹಾಸಿ, ಅದರ ಮೇಲೆ 6 ಮಿಲಿಮೀಟರಿಗೆ ಕಡಮೆಯಿಲ್ಲದ ಸಿಮೆಂಟ್ ಬೋರ್ಡನ್ನು ಅಂಟಿನಲ್ಲಿ ಕೂರಿಸಿ, 8 ಅಂಗುಲಕ್ಕೊಂದರಂತೆ ತಿರುಪುಮೊಳೆ ಹಾಕಬೇಕು. ಒಂದು ಪದರದ ಸಂದಿನ ಮೇಲೆ ಇನ್ನೊಂದರ ಸಂದು ಬೀಳಬಾರದು. ಬೋರ್ಡುಗಳ ಸಂದುಗಳಿಗೆ ಜಾಲರಿಪಟ್ಟಿ ಅಂಟಿಸಬೇಕು. ಬಚ್ಚಲಾದರೆ ನೀರು ತಡೆಯುವ ಲೇಪವೂ ಅವಶ್ಯ.

ಟೈಲಿಗೆ ಬಾಗುವ ಗುಣದ ಅಂಟನ್ನು ಬಳಸತಕ್ಕದ್ದು. ಚೀಲದ ಮೇಲಿನ ಎಸ್1, ಎಸ್2 ಎಂಬ ಗುರುತುಗಳು ಆ ಗುಣವನ್ನು ಸೂಚಿಸುತ್ತವೆ. ಗೋಡೆಯಂಚಿನ ಸುತ್ತಲೂ 6 ಮಿಲಿಮೀಟರು ಎಡೆ ಬಿಟ್ಟು, ಅದನ್ನು ಸಿಮೆಂಟಿನಿಂದ ತುಂಬದೆ ಮೆತ್ತನೆಯ ಸಿಲಿಕೋನಿನಿಂದ ಮುಚ್ಚಬೇಕು. ಕೆಲಸಕ್ಕೆ ಮಳೆಗಾಲವನ್ನು ಬಿಟ್ಟು ಮರ ಒಣಗಿರುವ ಕಾಲವನ್ನು ಆರಿಸುವುದು ಲೇಸು.

ಇಷ್ಟೆಲ್ಲ ಮಾಡಿಸಲು ಅನುಕೂಲವಿಲ್ಲದಿದ್ದರೆ, ಅಥವಾ ತೊಲೆಗಳು ಅಷ್ಟು ಭಾರವನ್ನು ಹೊರಲಾರವೆಂದು ಬಲ್ಲ ಬಡಗಿ ಹೇಳಿದರೆ, ಟೈಲಿನ ಆಸೆಯನ್ನು ಬಿಡುವುದೇ ವಿವೇಕ. ಸಂದುಗಳಿಗೆ ಪಟ್ಟಿ ಹೊಡೆಸಿ, ಹಲಗೆಗಳನ್ನು ಉಜ್ಜಿಸಿ ಎಣ್ಣೆ ಕುಡಿಸಿದರೆ ಧೂಳೂ ನಿಲ್ಲುವುದು, ನೆಲವೂ ಹೊಳೆಯುವುದು. ಹಿರಿಯರು ಮರದ ಮೇಲೆ ಮರವನ್ನೇ ಇಟ್ಟುದು ಬಡತನದಿಂದಲೇ ಎಂದು ತಿಳಿಯಬೇಕಾದುದಿಲ್ಲ. ಬಾಗುವುದರ ಮೇಲೆ ಬಾಗುವುದೇ ಬಾಳುವುದು.