ಪ್ರವಾಸಿಯ ಕಾಣದ ಗಂಟು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಮಲೆನಾಡಿನ ಸೊಬಗಿಗೆ ಹೆಸರಾದವು. ಜೋಗದ ಜಲಪಾತ, ಸಿಗಂದೂರಿನ ಚೌಡೇಶ್ವರಿ ದೇವಾಲಯ, ಕೊಡಚಾದ್ರಿಯ ಶಿಖರ, ಹುಂಚದ ಬಸದಿಗಳು, ಕುಪ್ಪಳಿಯ ಕವಿಮನೆ, ಆಗುಂಬೆಯ ಸೂರ್ಯಾಸ್ತ ಇವುಗಳನ್ನು ಕಾಣಲು ನಾಡಿನ ಮೂಲೆಮೂಲೆಗಳಿಂದ ಜನರು ಬರುತ್ತಾರೆ. ಪ್ರವಾಸಕ್ಕೆ ಹೊರಟವರು ಹಣದ ಚೀಲವನ್ನೂ ಬಟ್ಟೆಯ ಗಂಟನ್ನೂ ಎಚ್ಚರದಿಂದ ಕಾಯ್ದುಕೊಳ್ಳುತ್ತಾರೆ. ಆದರೆ ಅವರೊಡನೆ ಕಣ್ಣಿಗೆ ಕಾಣದ ಗಂಟೊಂದು ಸಾಗುತ್ತಿರುತ್ತದೆ. ಅದು ಅವರ ಗುರುತು. ಹೆಸರು, ಹುಟ್ಟಿದ ದಿನಾಂಕ, ಭಾವಚಿತ್ರ, ಬೆರಳಚ್ಚು, ದೂರವಾಣಿ ಸಂಖ್ಯೆ, ಬ್ಯಾಂಕಿನ ಖಾತೆ, ಆಧಾರ್ ಸಂಖ್ಯೆ ಎಲ್ಲವೂ ಈ ಗಂಟಿನಲ್ಲಿವೆ. ಇವನ್ನು ಅಪಹರಿಸಿ, ‘ನಾನೇ ಆತನು’ ಎಂದು ನಂಬಿಸಿ ಲಾಭ ಪಡೆಯುವುದೇ ಗುರುತಿನ ಕಳವು.

ಈ ಕಳವಿಗೂ ಉಳಿದ ಕಳವುಗಳಿಗೂ ಒಂದು ಮುಖ್ಯ ವ್ಯತ್ಯಾಸವುಂಟು. ಚಿನ್ನ ಕಳವಾದರೆ ಪೆಟ್ಟಿಗೆ ಬರಿದಾಗುತ್ತದೆ. ಗುರುತು ಕಳವಾದರೂ ಅದು ನಮ್ಮ ಬಳಿಯಲ್ಲೇ ಇರುತ್ತದೆ. ಆದುದರಿಂದ ನಾವು ತಿಳಿಯದ ಸಾಲ ನಮ್ಮ ಹೆಸರಿಗೆ ಬಂದಾಗಲೋ, ಖಾತೆಯ ಹಣ ಕರಗಿದಾಗಲೋ ಮಾತ್ರ ಕಳವು ಬೆಳಕಿಗೆ ಬರುತ್ತದೆ.

ಇನ್ನೊಬ್ಬರ ಹೆಸರನ್ನು ಆಯುಧವನ್ನಾಗಿ ಬಳಸುವುದು ಹೊಸದೇನೂ ಅಲ್ಲ. ಈ ಮೂರು ತಾಲ್ಲೂಕುಗಳ ಇತಿಹಾಸದಲ್ಲಿಯೇ ಅದಕ್ಕೆ ನಿದರ್ಶನವಿದೆ. ಸಾಗರದ ಸಮೀಪದ ಕೆಳದಿ ಮತ್ತು ಇಕ್ಕೇರಿಗಳಿಂದ ಆಳಿದ ನಾಯಕರು ಮುಂದೆ ಬಿದನೂರನ್ನು ರಾಜಧಾನಿಯಾಗಿ ಮಾಡಿಕೊಂಡರು. ಅದು ಇಂದಿನ ಹೊಸನಗರ ತಾಲ್ಲೂಕಿನ ನಗರ. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗವು ಅವರ ಬಲವಾದ ಕೋಟೆಯಾಗಿತ್ತು. ರಾಣಿ ವೀರಮ್ಮಾಜಿಯ ಕಾಲದಲ್ಲಿ, ಸತ್ತನೆಂದು ಜನರು ತಿಳಿದಿದ್ದ ಚನ್ನಬಸಪ್ಪನಾಯಕನು ತಾನೇ ಎಂದು ಹೇಳಿಕೊಂಡು ಒಬ್ಬ ಯುವಕನು ಹೈದರಾಲಿಯ ಆಶ್ರಯವನ್ನು ಬೇಡಿದನು. ಆ ಹೆಸರನ್ನು ಮುಂದಿಟ್ಟುಕೊಂಡು ಹೈದರನು 1763ರಲ್ಲಿ ಬಿದನೂರಿನ ಮೇಲೆ ದಂಡೆತ್ತಿ ಬಂದು ಅದನ್ನು ವಶಪಡಿಸಿಕೊಂಡನು. ಆದರೆ ಯುವಕನಿಗೆ ಸಿಂಹಾಸನ ದೊರೆಯಲಿಲ್ಲ. ರಾಣಿಯೊಡನೆ ಅವನೂ ಮಧುಗಿರಿಯ ಸೆರೆಗೆ ಹೋದನು. ಒಂದು ಹೆಸರಿನ ಬಲ ಎಷ್ಟೆಂಬುದನ್ನು ಈ ಘಟನೆ ತೋರಿಸುತ್ತದೆ.

ಇಂದು ಸೋಗು ಹಾಕುವವನು ಎದುರಿಗೆ ಬರಬೇಕಾಗಿಲ್ಲ. ಒಂದು ಜೆರಾಕ್ಸ್ ಪ್ರತಿ ಸಾಕು. ವಸತಿಗೃಹದಲ್ಲಿ ತಂಗುವಾಗ ಗುರುತಿನ ಚೀಟಿಯನ್ನು ಕೇಳುವುದು ವಾಡಿಕೆ. ಅಲ್ಲಿ ಹನ್ನೆರಡು ಅಂಕಿಗಳ ಪೂರ್ಣ ಆಧಾರ್ ಸಂಖ್ಯೆಯನ್ನು ಬಿಟ್ಟು ಬರುವುದು ಜಾಣತನವಲ್ಲ. ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರವೇ ಒದಗಿಸುತ್ತದೆ. ಪ್ರತಿಯನ್ನು ಕೊಡಲೇಬೇಕಾದಾಗ ಅದರ ಮೇಲೆ ದಿನಾಂಕವನ್ನೂ ಉದ್ದೇಶವನ್ನೂ ಬರೆದು ಸಹಿ ಮಾಡುವುದು ಉತ್ತಮ. ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟುಬಂದ ಪ್ರತಿಯನ್ನು ಬಿಟ್ಟುಬರದೆ ಹರಿದುಹಾಕಬೇಕು. ‘ಶಕ್ತಿ’ ಯೋಜನೆಯು 2023ರ ಜೂನ್‌ನಲ್ಲಿ ಆರಂಭವಾದಾಗಿನಿಂದ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರು ಗುರುತಿನ ಚೀಟಿಯನ್ನು ತೆಗೆಯುವುದು ದಿನನಿತ್ಯದ ಸಂಗತಿಯಾಗಿದೆ. ನಿರ್ವಾಹಕರಿಗೆ ತೋರಿಸಿದ ಕೂಡಲೇ ಅದನ್ನು ಚೀಲದೊಳಗೆ ಸೇರಿಸಬೇಕು. ನೂಕುನುಗ್ಗಲಿನಲ್ಲಿ ಕೈಯಲ್ಲಿ ಹಿಡಿದುಕೊಂಡೇ ಇರಬಾರದು.

ಬೆರಳಚ್ಚಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಗುಪ್ತಪದ ಬಯಲಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಆಧಾರ್‌ನಲ್ಲಿ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತಿಗೆ ಬೀಗ ಹಾಕುವ ಸೌಲಭ್ಯವಿದೆ. ಪ್ರವಾಸಕ್ಕೆ ಹೊರಡುವ ಮುನ್ನ ಅದನ್ನು ಬಳಸಬಹುದು.

ಮಲೆನಾಡಿನಲ್ಲಿ ಮತ್ತೊಂದು ಅಪಾಯವುಂಟು. ವಂಚಕರು ಕೆಲವೊಮ್ಮೆ ಬೇರೊಬ್ಬರ ದೂರವಾಣಿ ಸಂಖ್ಯೆಗೆ ಮೋಸದಿಂದ ಹೊಸ ಸಿಮ್ ಪಡೆಯುತ್ತಾರೆ. ಆಗ ನಿಜವಾದ ಒಡೆಯನ ಮೊಬೈಲಿನ ಸಂಪರ್ಕ ತಟ್ಟನೆ ನಿಲ್ಲುತ್ತದೆ. ಬ್ಯಾಂಕು ಕಳುಹಿಸುವ ಒಟಿಪಿ ವಂಚಕನಿಗೆ ತಲುಪುತ್ತದೆ. ಪಟ್ಟಣದಲ್ಲಿ ಸಂಪರ್ಕ ತಪ್ಪಿದರೆ ಸಂಶಯ ಹುಟ್ಟುತ್ತದೆ. ಘಟ್ಟದ ಕಣಿವೆಗಳಲ್ಲಿಯಾದರೋ ಸಂಪರ್ಕ ಸಿಗದಿರುವುದು ಸಹಜವಾದುದರಿಂದ ಯಾರೂ ಅದನ್ನು ಗಮನಿಸುವುದಿಲ್ಲ. ಜೊತೆಯವರ ಮೊಬೈಲು ಕೆಲಸ ಮಾಡುತ್ತಿದ್ದು, ಅದೇ ಕಂಪನಿಯ ನಮ್ಮದು ಮಾತ್ರ ಮೂಕವಾಗಿದ್ದರೆ ಕೂಡಲೇ ವಿಚಾರಿಸಬೇಕು.

ಅಪರಿಚಿತ ಉಚಿತ ವೈಫೈಯಲ್ಲಿ ಬ್ಯಾಂಕಿನ ವ್ಯವಹಾರ ಮಾಡಬಾರದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ‘ಮುಂಗಡ ಹಿಂತಿರುಗಿಸುತ್ತೇವೆ, ಪಿನ್ ಒತ್ತಿ’ ಎನ್ನುವವನು ಮೋಸಗಾರನೇ. ಟಿಕೆಟ್ಟಿನ ಚಿತ್ರವನ್ನು ಎಲ್ಲರಿಗೂ ಕಾಣುವಂತೆ ಹಂಚುವುದೂ ಸಲ್ಲದು.

ಇಷ್ಟಾಗಿಯೂ ಕೇಡು ಸಂಭವಿಸಿದರೆ ನಾಚಿಕೆಯಿಂದ ಮುಚ್ಚಿಡಬಾರದು. ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಸಾಗುವುದರೊಳಗೆ ಅದನ್ನು ತಡೆಯಲು ಯತ್ನಿಸುವುದರಿಂದ ಪ್ರತಿಯೊಂದು ನಿಮಿಷವೂ ಅಮೂಲ್ಯ. ಮೊಬೈಲು ಕಳೆದರೆ ಪೊಲೀಸರಿಗೆ ದೂರು ಕೊಟ್ಟು, ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ ವ್ಯವಸ್ಥೆಯ ಮೂಲಕ ಅದನ್ನು ನಿರುಪಯೋಗಿಯಾಗಿಸಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ಅಲ್ಲಿ ನೋಡಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ವಿಧಿಯು ಗುರುತಿನ ಕಳವಿಗೆ ಮೂರು ವರ್ಷಗಳವರೆಗೆ ಸೆರೆವಾಸವನ್ನೂ ಒಂದು ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸುತ್ತದೆ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಮನೆಯ ಹಿರಿಯರಲ್ಲಿ ಅನೇಕರಿಗೆ ಈ ಹೊಸ ಉಪಾಯಗಳು ತಿಳಿದಿಲ್ಲ. ಅವರು ತೀರ್ಥಯಾತ್ರೆಗೋ ಮದುವೆಗೋ ಹೊರಟಾಗ, ಅವರ ಗುರುತಿನ ಚೀಟಿ ಮತ್ತು ಮೊಬೈಲುಗಳನ್ನು ಭದ್ರಪಡಿಸಿ ಕೊಡುವುದು ಓದಿದ ಮಕ್ಕಳ ಕರ್ತವ್ಯ. ಬುತ್ತಿಯನ್ನು ಕಟ್ಟಿಕೊಡುವಷ್ಟೇ ಅಕ್ಕರೆಯಿಂದ ಈ ಎಚ್ಚರವನ್ನೂ ಅವರ ಜೊತೆಗೆ ಕಳುಹಿಸಬೇಕು.