ಬೇಸಗೆಯೂ ಕಾರಿನ ಬ್ಯಾಟರಿಯೂ

ಮೇ ತಿಂಗಳಲ್ಲಿ ಗೆಂಡೆಹಳ್ಳಿಯಿಂದ ಹೈಬ್ರಿಡ್ ಕಾರೊಂದು ಕಲಬುರಗಿಗೆ ಹೊರಟಿತೆಂದು ಭಾವಿಸೋಣ. ಬೇಲೂರು ಸೀಮೆಯ ತಂಪನ್ನು ಬಿಟ್ಟು ಅದು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಬಿಸಿಲನ್ನು ಸೇರುತ್ತದೆ. ಅಲ್ಲಿ ಪೆಟ್ರೋಲು ಹೆಚ್ಚು ವ್ಯಯವಾದರೆ, ಎಂಜಿನನ್ನು ದೂರುವ ಮುನ್ನ ನಾವು ಬ್ಯಾಟರಿಯ ಪಾಡನ್ನು ವಿಚಾರಿಸುವುದು ಲೇಸು.

ಇಂತಹ ಕಾರಿನಲ್ಲಿ ಎಂಜಿನಿನ ಜೊತೆಗೆ ವಿದ್ಯುತ್ ಮೋಟಾರೂ ಉಂಟು. ಬ್ರೇಕು ಒತ್ತಿದಾಗ ಮೋಟಾರು ವಿದ್ಯುಜ್ಜನಕವಾಗಿ ಬ್ಯಾಟರಿಯನ್ನು ತುಂಬುತ್ತದೆ. ವೇಗ ಬೇಕಾದಾಗ ಆ ವಿದ್ಯುತ್ತನ್ನೇ ಮರಳಿ ಪಡೆಯುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಬ್ಯಾಟರಿಯ ಆಂತರಿಕ ರೋಧದಿಂದ ಶಾಖ ಹುಟ್ಟುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಸುತ್ತಲಿನ ಗಾಳಿಯೇ ಕಾದಿದ್ದರೆ ಅದು ಹೊರಹೋಗುವುದು ಕಷ್ಟ.

ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಕಾರಿನಲ್ಲಿರುವುದು ನಿಕಲ್-ಲೋಹ ಹೈಡ್ರೈಡ್ ಬ್ಯಾಟರಿ. ಬೇರೆ ಕೆಲವು ಕಾರುಗಳಲ್ಲಿ ಲಿಥಿಯಮ್-ಅಯಾನು ಬ್ಯಾಟರಿ. ಎರಡಕ್ಕೂ ಅತಿಯಾದ ಶಾಖ ಸಲ್ಲದು. ಉಷ್ಣತೆ ತುಸು ಏರಿದಾಗ ಅಯಾನುಗಳ ಚಲನೆ ಚುರುಕಾಗಿ ಬ್ಯಾಟರಿ ಲವಲವಿಕೆಯಿಂದ ದುಡಿಯುವುದೇನೋ ನಿಜ. ಆದರೆ ಅದನ್ನು ಸವೆಸುವ ರಾಸಾಯನಿಕ ಕ್ರಿಯೆಗಳೂ ಚುರುಕಾಗುತ್ತವೆ. ಸ್ಥೂಲವಾಗಿ ಹೇಳುವುದಾದರೆ, ಉಷ್ಣತೆ 10 ಡಿಗ್ರಿ ಏರಿದಾಗ ಇಂತಹ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ. ಆದುದರಿಂದ ಬ್ಯಾಟರಿ ಮಿತಿಮೀರಿ ಕಾದಾಗ ಕಾರಿನ ನಿಯಂತ್ರಕವು ಕೊಡುಕೊಳ್ಳುವಿಕೆಯನ್ನು ತಗ್ಗಿಸುತ್ತದೆ. ಭಾರ ಎಂಜಿನಿನ ಮೇಲೆ ಬೀಳುತ್ತದೆ. ಹವಾನಿಯಂತ್ರಣದ ಹೊರೆಯೂ ಇದಕ್ಕೆ ಕೂಡುತ್ತದೆ.

ಪರಿಹಾರ ಸುಲಭ. ಕಾರನ್ನು ನೆರಳಿನಲ್ಲಿ ನಿಲ್ಲಿಸಬೇಕು. ಹೊರಡುವ ಮುನ್ನ ಬಾಗಿಲು ತೆರೆದು ಒಳಗಿನ ಬಿಸಿಗಾಳಿಯನ್ನು ಹೋಗಗೊಡಬೇಕು. ಅನೇಕ ಕಾರುಗಳಲ್ಲಿ ಬ್ಯಾಟರಿಯನ್ನು ತಣಿಸುವ ಗಾಳಿ ಆಸನದ ಬಳಿಯ ಜಾಲರಿಯಿಂದ ಒಳಸೇರುತ್ತದೆ. ಅದಕ್ಕೆ ಚೀಲಗಳನ್ನು ಒತ್ತರಿಸಿ ಇಡಬಾರದು. ಕಾದ ಬ್ಯಾಟರಿ ಸಂಜೆಗೆ ತಣಿದೀತು. ಆದರೆ ಅದು ಕಳೆದುಕೊಂಡ ಆಯುಸ್ಸು ಮರಳಿ ಬಾರದು.